ಡ್ಯಾಶ್‌ಬೋರ್ಡಿನ ಹಳದಿ ದೀಪ, ಲಾಸ್ ಏಂಜಲೀಸ್‌ನ ಹೊಗೆ

ವಿಜಯಪುರದಿಂದ ಸೊಲ್ಲಾಪುರದ ಕಡೆ ಹೊರಟ ದುಬಾರಿ ಕಾರೊಂದು ಹೊರ್ತಿ ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿತೆನ್ನಿ. ಸದ್ದು ಬದಲಾಗಿಲ್ಲ, ಓಟ ಕುಗ್ಗಿಲ್ಲ, ಬಿಸಿಯೂ ಏರಿಲ್ಲ. ಆದರೂ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಆ ದೀಪ ಏನು ಹೇಳುತ್ತಿದೆ ಎಂದು ತಿಳಿಯಲು ಅದು ಯಾರಿಗಾಗಿ ಹುಟ್ಟಿತೆಂದು ನೋಡಬೇಕು.

ಮೊದಲು ಮುಳ್ಳುಗಳಿದ್ದವು. ಆಯಿಲ್ ಒತ್ತಡಕ್ಕೊಂದು, ನೀರಿನ ಬಿಸಿಗೊಂದು, ಚಾರ್ಜಿಗೊಂದು ಮೀಟರ್. ಮುಳ್ಳು ಇಳಿಯತೊಡಗಿದಾಗಲೇ ಅನುಭವಿ ಚಾಲಕನಿಗೆ ಸುಳಿವು ಸಿಗುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಆಯಿಲ್ ಮತ್ತು ಚಾರ್ಜಿನ ಮೀಟರುಗಳ ಜಾಗದಲ್ಲಿ ದೀಪ ಕೂರಿಸಿತು. ಖರ್ಚು ಕಡಿಮೆ, ಓದುವ ತಾಪತ್ರಯವಿಲ್ಲ. ಆದರೆ ದೀಪ ಹತ್ತುವ ಹೊತ್ತಿಗೆ ಎಷ್ಟೋ ಸಲ ಕೆಡಬೇಕಾದದ್ದು ಕೆಟ್ಟಿರುತ್ತಿತ್ತು.

ಹಳದಿ ಎಂಜಿನ್ ದೀಪದ ವಂಶವೇ ಬೇರೆ. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಯ ಮಬ್ಬಿಗೆ ವಾಹನಗಳ ಹೊಗೆ ದೊಡ್ಡ ಕಾರಣವೆಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್. 1967ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ರೂಪುಗೊಂಡಿತು. ಶೋರೂಮಿನಲ್ಲಿ ಪಾಸಾದ ಕಾರು ವರ್ಷಗಳ ಮೇಲೆ ಹೊಗೆ ಕಾರಿದರೆ ಹೇಳುವವರು ಯಾರು? ಕಾರೇ ಹೇಳಲಿ ಎಂದಿತು ಮಂಡಳಿ. 1988ರ ಮಾದರಿಗಳಿಂದ ಅಲ್ಲಿ ಈ ಸ್ವಯಂ ತಪಾಸಣೆ ಕಡ್ಡಾಯವಾಯಿತು. 1996ರಲ್ಲಿ ಇಡೀ ಅಮೆರಿಕಕ್ಕೆ ಇದರ ಎರಡನೇ ಪೀಳಿಗೆಯಾದ ಒಬಿಡಿ-2 ಬಂತು: ಎಲ್ಲ ಕಂಪನಿಗಳಿಗೂ ಒಂದೇ ಹದಿನಾರು ಪಿನ್ನಿನ ಸಾಕೆಟ್, ಒಂದೇ ಬಗೆಯ ಕೋಡ್. ಹೊಗೆ ಮಿತಿಯ ಒಂದೂವರೆ ಪಟ್ಟು ಆಗುವಂಥ ದೋಷ ಕಂಡರೆ ದೀಪ ಹತ್ತಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ನಮ್ಮಲ್ಲಿ ಈ ಸ್ವಯಂ ತಪಾಸಣೆ ಭಾರತ್ ಸ್ಟೇಜ್-4 (ಬಿಎಸ್-4) ಹೊಗೆ ನಿಯಮಗಳ ಕಾಲದಲ್ಲಿ ಹಂತಹಂತವಾಗಿ ಬಂತು. 2020ರ ಏಪ್ರಿಲ್‌ನ ಬಿಎಸ್-6 ಮತ್ತು 2023ರ ಅದರ ಎರಡನೇ ಹಂತದಲ್ಲಿ ಇನ್ನಷ್ಟು ಬಿಗಿಯಾಯಿತು.

ಹಾಗಾಗಿ ಆ ದೀಪ ಮೂಲತಃ ಗಾಳಿಯ ಕಾವಲುಗಾರ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ಪಿ0171 ಎಂದು ಬಂತೆನ್ನೋಣ. ‘ಪಿ’ ಎಂದರೆ ಎಂಜಿನ್-ಗೇರ್ ವಿಭಾಗ, ಸೊನ್ನೆ ಎಂದರೆ ಎಲ್ಲ ಕಂಪನಿಗೂ ಸಮಾನವಾದ ಕೋಡ್. ಒಟ್ಟರ್ಥ, ಪೆಟ್ರೋಲಿನ ಲೆಕ್ಕಕ್ಕೆ ಗಾಳಿ ಹೆಚ್ಚಾಗಿದೆ. ಹೆಚ್ಚಾದದ್ದೇಕೆ? ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು, ಗಾಳಿ ಅಳೆಯುವ ಸೆನ್ಸರಿಗೆ ಧೂಳು ಮೆತ್ತಿರಬಹುದು, ಪೆಟ್ರೋಲ್ ಪಂಪ್ ಸೊರಗಿರಬಹುದು. ಪೊಲೀಸ್ ಠಾಣೆಯ ದೂರಿನ ಹಾಗೆ, ಇಲ್ಲಿಂದ ತನಿಖೆ ಶುರುವಾಗುತ್ತದೆ. ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವ ಗ್ಯಾರೇಜಿನಲ್ಲಿ ಬಿಲ್ ಬೆಳೆಯುತ್ತದೆ, ದೀಪ ಮತ್ತೆ ಹತ್ತುತ್ತದೆ.

ದುಬಾರಿ ಕಾರುಗಳಲ್ಲಿ ಗೊಂದಲ ಹೆಚ್ಚು. ಒಂದು ಚಕ್ರದ ವೇಗ ಸೆನ್ಸರ್ ಕೈಕೊಟ್ಟರೆ ಎಬಿಎಸ್, ಜಾರು ತಡೆ, ಇಳಿಜಾರಿನ ಬ್ರೇಕ್ ಎಲ್ಲದರ ದೀಪವೂ ಒಟ್ಟಿಗೆ ಹತ್ತಬಹುದು, ಏಕೆಂದರೆ ಅವೆಲ್ಲ ಅದೇ ಲೆಕ್ಕವನ್ನು ನಂಬಿವೆ. 12 ವೋಲ್ಟ್ ಬ್ಯಾಟರಿ ಸೋತಾಗಲೂ ಇದೇ ದೀಪಾವಳಿ. ಹಾಗಾಗಿ ಬಲ್ಲ ಮಿಸ್ತ್ರಿ ಮೊದಲು ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯುತ್ತಾನೆ.

ಹೈಬ್ರಿಡ್‌ನಲ್ಲಿ ಇನ್ನೊಂದು ಬ್ಯಾಟರಿ ಇರುತ್ತದೆ. ಟೊಯೊಟಾ ಕಿರ್ಲೋಸ್ಕರ್ ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಿಸಿತು. 2022ರಲ್ಲಿ ಇನ್ನೋವಾ ಹೈಕ್ರಾಸ್ ಪರಿಚಯಿಸಿತು. ಹೈಬ್ರಿಡ್ ಬ್ಯಾಟರಿಯನ್ನು ಫ್ಯಾನ್ ತಂಪಾಗಿಡುವ ಮಾದರಿಗಳಲ್ಲಿ ಗಾಳಿ ಒಳಹೋಗುವ ಜಾಲರಿ ಸಾಮಾನ್ಯವಾಗಿ ಸೀಟಿನ ಬಳಿ ಇರುತ್ತದೆ. ಎರೆಮಣ್ಣಿನ ಧೂಳು ಕಟ್ಟಿದರೆ, ಇಲ್ಲವೇ ಚೀಲ ಒತ್ತರಿಸಿಟ್ಟರೆ, ಬಿಸಿ ಏರಿ ಎಚ್ಚರಿಕೆ ಬರುತ್ತದೆ. ದುಬಾರಿ ಬ್ಯಾಟರಿಯ ಮಾತೆತ್ತುವ ಮೊದಲು ಆ ಜಾಲರಿ ನೋಡುವುದು ಲಾಭ. ಕೇಸರಿ ಬಣ್ಣದ ಕೇಬಲ್ಲುಗಳನ್ನು ಮಾತ್ರ ಮುಟ್ಟಬಾರದು. ಅವುಗಳಲ್ಲಿ ನೂರಾರು ವೋಲ್ಟಿನ ವಿದ್ಯುತ್ ಹರಿಯುತ್ತದೆ.

ರಸ್ತೆಯ ಮೇಲಿನ ತೀರ್ಮಾನ ಸರಳ. ಕೆಂಪು ದೀಪ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ದೀಪ ಮಿನುಗುತ್ತಿದ್ದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡಬಹುದು, ಮುಂದೆ ಹೋಗಬೇಡಿ. ಹಳದಿ ಸ್ಥಿರವಾಗಿದ್ದು ಗಾಡಿ ಸರಾಗವಾಗಿದ್ದರೆ ನಿಧಾನವಾಗಿ ಊರು ಮುಟ್ಟಿ. ಗ್ಯಾರೇಜಿನಲ್ಲಿ ಕೋಡ್ ಅಳಿಸುವ ಮುನ್ನ ಬರೆದುಕೊಳ್ಳಿ; ದೋಷ ಕಂಡ ಕ್ಷಣದ ವೇಗ, ಬಿಸಿ, ಆರ್‌ಪಿಎಂಗಳ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ. ಪಾರ್ಟ್ ಬದಲಿಸಬೇಕೆಂದರೆ ಒಂದೇ ಪ್ರಶ್ನೆ ಕೇಳಿ: ಯಾವ ಟೆಸ್ಟ್ ಮಾಡಿ ಇದನ್ನು ಖಚಿತಪಡಿಸಿಕೊಂಡಿರಿ?