ಹಬ್ಬಿದ ಸ್ತನಾರ್ಬುದ ಮತ್ತು ದಿನಚರಿ

ಸ್ತನಾರ್ಬುದವು ಎಲುಬು, ಯಕೃತ್ತುಗಳಿಗೆ ಹಬ್ಬಿದ ಬಳಿಕ ಸಾಮಾನ್ಯವಾಗಿ ಸಂಪೂರ್ಣ ಗುಣವಾಗದು, ಆದರೆ ಹತೋಟಿಯಲ್ಲಿಡಬಹುದು. ಅಂಡಾಶಯಗಳನ್ನು ತೆಗೆದರೆ ಕೆಲವರಲ್ಲಿ ಗಂತಿ ಕುಗ್ಗುವುದೆಂದು ಗ್ಲಾಸ್ಗೋವಿನ ಬೀಟ್ಸನ್ ಎಂಬ ವೈದ್ಯನು 1896ರಲ್ಲಿ ಪ್ರಕಟಿಸಿದನು. ಸ್ತ್ರೀಹಾರ್ಮೋನನ್ನು ತಡೆಯುವ ಅದೇ ತತ್ತ್ವವು 1973ರಲ್ಲಿ ಬ್ರಿಟನ್ನಿನಲ್ಲಿ ಟಮಾಕ್ಸಿಫೆನ್ ಗುಳಿಗೆಯಾಗಿ ಬಳಕೆಗೆ ಬಂದಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸ್ಥಾಪನೆಯಾದುದೂ ಅದೇ ವರ್ಷ. ಹಾರ್ಮೋನಿಗೆ ಸ್ಪಂದಿಸುವ ಗಂತಿಯುಳ್ಳವಳು ಇಂತಹ ಗುಳಿಗೆಗಳಿಂದ ಎಷ್ಟೋ ವೇಳೆ ವರ್ಷಗಳನ್ನೇ ಮನೆಯಲ್ಲಿ ಕಳೆಯಬಲ್ಲಳು.

ಮಂಡ್ಯದ ಹಳ್ಳಿಯ ಮನೆಯೆಂದರೆ ಕಬ್ಬಿನ ಹೊರೆ, ನೀರಿನ ಕೊಡ. ರೋಗ ತಗುಲಿದ ಎಲುಬು ಇಂತಹ ಭಾರಕ್ಕೆ ಮುರಿದೀತು. ಎತ್ತಬೇಡವೆನ್ನುವವರು ಮನೆಯಲ್ಲಿ ಎಷ್ಟು ಮಂದಿ? ಬೆನ್ನುನೋವಿನೊಡನೆ ಕಾಲು ಸೋತರೆ ಅಂದೇ ವೈದ್ಯರನ್ನು ಕಾಣತಕ್ಕದ್ದು. ತೀವ್ರ ನೋವಿಗೆ ಮಾರ್ಫಿನ್ ಉಂಟು. 1985ರ ಮಾದಕದ್ರವ್ಯ ಕಾಯಿದೆಯಿಂದ ದುರ್ಲಭವಾಗಿದ್ದ ಅದರ ನಿಯಮಗಳನ್ನು 2014ರ ತಿದ್ದುಪಡಿಯು ಸಡಿಲಿಸಿತು.