ತಪ್ಪು ತೋರಿಸುವ ಗೆಳೆಯರು

ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರನ್ನು ಹಳೆಯ ಪುಸ್ತಕಗಳಲ್ಲಿ ನಮ್ಮಲ್ಲಿ ಹಲವರು ಕಂಡಿರಬಹುದು. ಆ ಹೆಸರಿನ ಮೂಲಪುರುಷನಾದ ಜಾನ್ ವೆಸ್ಲಿ 18ನೆಯ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಬೋಧಕ. 1738ರ ಡಿಸೆಂಬರಿನಲ್ಲಿ ಆತನು ಸಣ್ಣ ಸಣ್ಣ ಭಕ್ತಕೂಟಗಳಿಗಾಗಿ ಕೆಲವು ನಿಯಮಗಳನ್ನು ಬರೆದನು. ವಾರಕ್ಕೊಮ್ಮೆ ಸೇರಿ ಪ್ರತಿಯೊಬ್ಬರೂ ತಮ್ಮ ಕುಂದುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕು. ತನ್ನ ತಪ್ಪುಗಳನ್ನು ಇತರರು ಎತ್ತಿ ತೋರಿಸುವುದು ಸಮ್ಮತವೆ, ತನ್ನ ವಿಷಯವಾಗಿ ಅವರ ಕಿವಿಗೆ ಬಿದ್ದುದನ್ನು ತನಗೇ ಹೇಳಬಹುದೆ ಎಂದು ಹೊಸಬನನ್ನು ಮೊದಲೇ ಕೇಳಿಕೊಳ್ಳುತ್ತಿದ್ದರು.

ನನಗೆ ಮೆಚ್ಚುಗೆಯಾದುದು ಈ ಎರಡನೆಯ ಪ್ರಶ್ನೆ. ಜಗಲಿಕಟ್ಟೆಯಲ್ಲಿ ಬೆನ್ನ ಹಿಂದೆ ಆಡುವ ಮಾತು ಇಲ್ಲಿ ಮುಖದೆದುರಿಗೆ ಬರುತ್ತದೆ. ಕೇಳಿದವನು ಉತ್ತರ ಕೊಡಬಲ್ಲ, ತಿದ್ದಿಕೊಳ್ಳಲೂ ಬಲ್ಲ. ಪ್ರಶ್ನಿಸುವವನಿಗೂ ರಿಯಾಯಿತಿಯಿರಲಿಲ್ಲ. ಅವನು ಮೊದಲು ತನ್ನ ಆತ್ಮದ ಸ್ಥಿತಿಯನ್ನು ಬಿಚ್ಚಿಟ್ಟು, ಆಮೇಲೆ ಉಳಿದವರನ್ನು ಕೇಳಬೇಕು. ನಮಗೆ ಬುದ್ಧಿ ಹೇಳುವ ಹಿರಿಯರು ಒಂದು ದಿನ ಹೀಗೆ ಮಾಡಿ ನೋಡಿದರೆ! (ಅಧ್ಯಾಪಕರು ಕ್ಷಮಿಸಬೇಕು.)

ಇದರಲ್ಲಿ ಅಪಾಯವಿಲ್ಲವೆ? ಇದೆ. ಪರರ ಗುಟ್ಟು ಕೇಳುವ ಚಪಲ ಯಾರಿಗಿಲ್ಲ? ಆದರೆ ಈ ನಿಯಮಗಳಿಗೆ ಆಧಾರವಾದ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವು ತಪ್ಪೊಪ್ಪಿಗೆಯ ಜೊತೆಗೇ ಒಬ್ಬರಿಗಾಗಿ ಒಬ್ಬರ ಪ್ರಾರ್ಥನೆಯನ್ನೂ ವಿಧಿಸುತ್ತದೆ. ಆದುದರಿಂದ, ಬಂದಿದ್ದ ಒಬ್ಬೊಬ್ಬರ ಸ್ಥಿತಿಗೂ ತಕ್ಕ ಪ್ರಾರ್ಥನೆ ಮಾಡಿಯೇ ಕೂಟವನ್ನು ಮುಗಿಸಬೇಕೆಂದು ವೆಸ್ಲಿಯು ವಿಧಿಸಿದನು.