ಕಬ್ಬಿನ ಗದ್ದೆಗೆ ಹಾಕಿದ ಯೂರಿಯಾ ಎಲ್ಲಿ ಹೋಯಿತು?

ಮಂಡ್ಯದ ನಾಲೆ ಬಯಲಿನಲ್ಲಿ ಕಬ್ಬಿಗೆ ಯೂರಿಯಾ ಹಾಕುವುದನ್ನು ನೋಡದ ಮಕ್ಕಳಿಲ್ಲ. ಬಕೆಟ್ಟಿನಲ್ಲಿ ಗೊಬ್ಬರ ತುಂಬಿಕೊಂಡು ಸಾಲಿನುದ್ದಕ್ಕೂ ಎರಚುತ್ತ ಹೋಗುವುದು, ಆಮೇಲೆ ಯಾವಾಗಲೋ ನೀರು ಹಾಯಿಸುವುದು. ಕೆಲವೇ ದಿನಗಳಲ್ಲಿ ಪೈರು ಕಡುಹಸಿರಾಗುತ್ತದೆ, ಬೆಳೆದವನಿಗೂ ಸಮಾಧಾನ. ಆದರೆ ಹೀಗೆ ಎರಚಿದ ಸಾರಜನಕದಲ್ಲಿ ಅರ್ಧದಷ್ಟೂ ಎಷ್ಟೋ ಸಲ ಕಬ್ಬಿನ ಪಾಲಾಗುವುದಿಲ್ಲ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಮಣ್ಣಿನ ಯೂರಿಯೇಸ್ ಕಿಣ್ವ ಅದನ್ನು ಕೆಲವು ದಿನಗಳಲ್ಲೇ ಅಮೋನಿಯಂ ಆಗಿಸುತ್ತದೆ. ಹರಳು ನೆಲದ ಮೇಲೆಯೇ ಬಿದ್ದಿದ್ದರೆ ಸಾಕಷ್ಟು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತದೆ. (ದನದ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಇದರದೇ.) ಮಣ್ಣಿನೊಳಗೆ ಸೇರಿದ್ದರೆ ಜೇಡಿಯ ಕಣಗಳು ಹಿಡಿದುಕೊಳ್ಳುತ್ತವೆ, ಅಮೋನಿಯಂನದು ಧನ ವಿದ್ಯುದಂಶ, ಜೇಡಿಯದು ಋಣ. ಹೈಸ್ಕೂಲಿನ ಪಾಠ ಇಲ್ಲಿ ಗದ್ದೆಗಿಳಿಯುತ್ತದೆ.

ತೊಂದರೆ ಶುರುವಾಗುವುದು ಮುಂದೆ. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನದು ಋಣ ವಿದ್ಯುದಂಶವಾದ್ದರಿಂದ ಮಣ್ಣು ಹಿಡಿಯುವುದಿಲ್ಲ. ಬೇರು ಹೀರುವ ಮೊದಲೇ ನೀರು ಹೆಚ್ಚಾದರೆ ಅದರೊಡನೆ ಕೆಳಗಿಳಿದು ಬಾವಿ, ಕೊಳವೆಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿ ನೈಟ್ರೇಟ್ ಇರಬಾರದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಹಸುಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಂದಿಸಬಲ್ಲದು. ನೀರು ನಿಂತ ಗದ್ದೆಯಲ್ಲಂತೂ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಮತ್ತೆ ಗಾಳಿಗೆ ಬಿಡುತ್ತವೆ. ಅದರಲ್ಲೊಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು.

ಈ ಬ್ಯಾಕ್ಟೀರಿಯಾಗಳ ಓಟಕ್ಕೆ ಕಡಿವಾಣ ಹಾಕಲು ಸಿಕ್ಕಿದ್ದು ನಮ್ಮ ಹಿತ್ತಲಿನ ಬೇವು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಬೇವು ಲೇಪಿತ ಯೂರಿಯಾ ಪರೀಕ್ಷಿಸಿದ್ದರು. ದೇಶದಲ್ಲಿ ತಯಾರಾಗುವ ಕೃಷಿ ಬಳಕೆಯ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಗಿದ್ದು 2015ರಲ್ಲಿ. ನಾಲ್ಕು ದಶಕ ಬೇಕಾಯಿತು!

ಲೇಪವೊಂದೇ ಸಾಲದು, ಲೆಕ್ಕವೂ ಬೇಕು. ನೀರಾವರಿ ಕಬ್ಬಿಗೆ ಹೆಕ್ಟೇರಿಗೆ 250 ಕಿಲೊ ಸಾರಜನಕವೆಂದು ಹಿಡಿದರೆ ಎಕರೆಗೆ 100 ಕಿಲೊ. ಅಂದರೆ ಯೂರಿಯಾ ಸುಮಾರು 217 ಕಿಲೊ, 45 ಕಿಲೊದ ಐದು ಚೀಲಕ್ಕೂ ತುಸು ಕಡಿಮೆ. ಡಿಎಪಿ, ಕೊಟ್ಟಿಗೆ ಗೊಬ್ಬರದಲ್ಲಿ ಬರುವ ಸಾರಜನಕವನ್ನು ಇದರಲ್ಲೇ ಕಳೆಯಬೇಕು. ಅದನ್ನು ಕಳೆಯುವವರು ಅಪರೂಪ. ಒಂದೇ ಸಲ ಸುರಿಯುವ ಬದಲು ನಾಟಿಗೆ ತುಸು, ತೆಂಡೆ ಒಡೆಯುವಾಗ ಒಂದಿಷ್ಟು, ಮಣ್ಣು ಏರಿಸುವಾಗ ಉಳಿದದ್ದು ಎಂದು ಹಂಚಿ, ಬುಡದ ಪಕ್ಕ ಹಾಕಿ ಮಣ್ಣು ಮುಚ್ಚಿದರೆ ನಷ್ಟ ಬಹಳ ಇಳಿಯುತ್ತದೆ. ಹನಿ ನೀರಾವರಿ ಇದ್ದವರು ನೀರಿನೊಡನೆಯೇ ಕಂತುಕಂತಾಗಿ ಕೊಡಬಹುದು.

ಬ್ರೆಜಿಲ್‌ನಲ್ಲಿ ಯೊಹಾನ್ನಾ ಡೊಬೆರೈನರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾವೊಂದನ್ನು ಕಬ್ಬಿನೊಳಗೇ ಕಂಡು 1988ರಲ್ಲಿ ವಿವರಿಸಿದರು. ಇದು ಯೂರಿಯಾದ ಜಾಗವನ್ನು ಪೂರ್ತಿ ತುಂಬದು. ಆದರೂ ಅದರಿಂದ ತಯಾರಿಸಿದ ಜೈವಿಕ ಗೊಬ್ಬರ ನಮ್ಮಲ್ಲೂ ಬಂದಿದೆ.

ಹೆಚ್ಚು ಹಾಕಿದರೆ ಹೆಚ್ಚು ಕಬ್ಬು ಎನ್ನುವವರು ಆಲೆಮನೆಯವರನ್ನು ಕೇಳಬೇಕು. ತಡವಾಗಿ, ಅತಿಯಾಗಿ ಯೂರಿಯಾ ತಿಂದ ಕಬ್ಬು ಉದ್ದಕ್ಕೆ ಬೆಳೆದು ಮಲಗುತ್ತದೆ, ಹಾಲಿನಲ್ಲಿ ಸಿಹಿ ಇಳಿಯುತ್ತದೆ, ಬೆಲ್ಲ ಗಟ್ಟಿಯಾಗಿ ಅಚ್ಚು ಹಿಡಿಯದೆ ಮಳೆಗಾಲಕ್ಕೆ ಮೊದಲೇ ನೀರಾಡುತ್ತದೆ.